ಸೋತವರ ಮರುಸರದಿ: ಕ್ರೀಡಾಸ್ಪರ್ಧೆಗಳಲ್ಲಿ ‘ರೆಪೆಷಾಜ್’ ಪದ್ಧತಿಯ ಚರಿತ್ರೆ

೨೦೦೮ನೆಯ ಇಸವಿ ಆಗಸ್ಟ್ ೨೦ರಂದು ಬೀಜಿಂಗ್ ಒಲಿಂಪಿಕ್ ಕೂಟದಲ್ಲಿ, ೬೬ ಕಿಲೋ ತೂಕದ ಫ್ರೀಸ್ಟೈಲ್ ಕುಸ್ತಿಯಲ್ಲಿ, ದೆಹಲಿಯ ಸುಶೀಲ್ ಕುಮಾರ್ ಅವರು ತಮ್ಮ ಮೊದಲ ಸೆಣಸಿನಲ್ಲಿಯೇ ಉಕ್ರೇನಿನ ಆಂದ್ರಿ ಸ್ತಾದ್ನಿಕ್‌ಗೆ ಸೋತರು. ಅದೇ ದಿನ ಅವರ ಕೊರಳಿಗೆ ಕಂಚಿನ ಪದಕ ಬಿದ್ದಿತು. ಕುಸ್ತಿಯಲ್ಲಿ ಐವತ್ತಾರು ವರ್ಷಗಳ ತರುವಾಯ ಭಾರತಕ್ಕೆ ದೊರೆತ ಒಲಿಂಪಿಕ್ ಪದಕವದು. ಮೊದಲ ಕುಸ್ತಿಯಲ್ಲಿಯೇ ಬಿದ್ದವನು ಪದಕ ಗೆಲ್ಲುವುದೆಂತು ಎಂದು ಕೇಳುವವರಿಗೆ ‘ಅದು ರೆಪೆಷಾಜ್ ನಿಯಮ’ ಎಂಬುದೇ ಸಿದ್ಧವಾದ ಉತ್ತರ. ಆದರೆ ಆ ನಿಯಮವು ಎಲ್ಲಿಂದ ಬಂದಿತು, ಯಾವ ಕೊರತೆಯನ್ನು ನೀಗಿಸಲು ಬಂದಿತು ಎಂಬುದನ್ನು ವಿಚಾರಿಸುವವರು ವಿರಳ. ಸೋತವನ ಮೇಲಿನ ಕರುಣೆಯಿಂದ ಅವನಿಗೆ ಇನ್ನೊಂದು ಅವಕಾಶ ಕೊಡುತ್ತಾರೆಂಬ ಭಾವನೆಯೇ ಸಾಮಾನ್ಯವಾಗಿ ಹರಡಿಕೊಂಡಿದೆ. ಅದು ಸರಿಯಲ್ಲ. ಚೀಟಿಯೆತ್ತಿ ಜೋಡಿ ಮಾಡುವುದರಿಂದ ಒದಗುವ ಅನ್ಯಾಯವನ್ನು ತಿದ್ದಲು ಹುಟ್ಟಿದ ಲೆಕ್ಕಾಚಾರವಿದು. ಕರುಣೆಗೆ ಇಲ್ಲಿ ಎಡೆ ಬಹು ಕಡಿಮೆ. ಎಷ್ಟು ಕಡಿಮೆಯೆಂಬುದು ಇದರ ಚರಿತ್ರೆಯನ್ನು ನೋಡಿದಲ್ಲಿ ಸ್ಪಷ್ಟವಾಗುತ್ತದೆ.

ಮೊದಲು ಶಬ್ದದ ಮಾತು. ಫ್ರೆಂಚ್ ಭಾಷೆಯಲ್ಲಿ ‘ರೆಪೆಷಾಜ್’ ಎಂದರೆ ನೀರಿಗೆ ಬಿದ್ದುದನ್ನು ಮರಳಿ ಮೇಲಕ್ಕೆ ಹಿಡಿದೆತ್ತುವುದು. ಮೀನು ಹಿಡಿಯುವ ಕ್ರಿಯೆಯಿಂದ ಹುಟ್ಟಿದ ಪದ. ಆ ದೇಶದ ಪರೀಕ್ಷಾಮಂಡಲಿಗಳಲ್ಲಿಯೂ ಈ ಪದ ಬಳಕೆಯಲ್ಲಿದೆ. ತೇರ್ಗಡೆಯ ಅಂಚಿನಲ್ಲಿ ನಿಂತು ಸೋತ ವಿದ್ಯಾರ್ಥಿಯನ್ನು ಇನ್ನೊಂದು ಪರೀಕ್ಷೆಯಿಂದಲೋ ನಾಲ್ಕು ಅಂಕಗಳ ಕೊಡುಗೆಯಿಂದಲೋ ದಡ ಹತ್ತಿಸುವುದಕ್ಕೆ ಅಲ್ಲಿ ಇದೇ ಹೆಸರು. ನಮ್ಮ ಪತ್ರಿಕೆಗಳು ಈ ಪದವನ್ನು ಬಗೆಬಗೆಯಾಗಿ ಬರೆಯುತ್ತವೆ. ‘ಮರುಸರದಿ’ ಎಂದರೆ ಸಾಕೆಂದು ನನಗೆ ತೋರುತ್ತದೆ. ಮಕ್ಕಳ ಆಟದಿಂದ ಹಿಡಿದು ನೀರಿನ ನಲ್ಲಿಯವರೆಗೆ ‘ಸರದಿ’ಯನ್ನು ಅರಿಯದ ಕನ್ನಡಿಗನಿಲ್ಲ.

ಈ ಪದ್ಧತಿಯ ಮೂಲದಲ್ಲಿರುವ ದೋಷವನ್ನು ಗಣಿತದ ಮೂಲಕ ತೋರಿಸಿಕೊಟ್ಟವನು ಆಕ್ಸ್‌ಫರ್ಡಿನ ಚಾರ್ಲ್ಸ್ ಲುಟ್ವಿಡ್ಜ್ ಡಾಡ್ಜ್‌ಸನ್. ಲೂಯಿ ಕ್ಯಾರಲ್ ಎಂಬ ಹೆಸರಿನಲ್ಲಿ ಆಲಿಸಳ ಕಥೆಗಳನ್ನು ಬರೆದವನೇ ಈತ. ೧೮೮೩ರಲ್ಲಿ ಅವನು ಲಾನ್ ಟೆನಿಸ್ ಪಂದ್ಯಾವಳಿಗಳಲ್ಲಿ ಬಹುಮಾನ ಹಂಚುವ ಕ್ರಮ ತಪ್ಪೆಂದು ವಾದಿಸುವ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ವಿಂಬಲ್ಡನ್ ಪಂದ್ಯಗಳು ಆರಂಭವಾಗಿ ಆಗ ಇನ್ನೂ ಆರೇ ವರ್ಷ. ಸೋತವನು ಕೂಡಲೇ ಹೊರಬೀಳುವ ಪದ್ಧತಿಯಲ್ಲಿ ಅತ್ಯುತ್ತಮ ಆಟಗಾರನಿಗೆ ಮೊದಲ ಬಹುಮಾನವೇನೋ ಸಲ್ಲುತ್ತದೆ. ಎರಡನೆಯದು ಯಾರಿಗೆ ಸಲ್ಲುತ್ತದೆಂಬುದು ಮಾತ್ರ ಬಹುಮಟ್ಟಿಗೆ ಚೀಟಿಯ ಕೈವಾಡ ಎಂಬುದು ಅವನ ವಾದ.

ಅವನ ಲೆಕ್ಕ ಸರಳವಾದುದು. ಮೂವತ್ತೆರಡು ಮಂದಿ ಆಟಗಾರರಿದ್ದಾರೆ, ಶಕ್ತಿಯಲ್ಲಿ ಹೆಚ್ಚಿನವನು ಯಾವಾಗಲೂ ಗೆಲ್ಲುತ್ತಾನೆ ಎಂದು ಇಟ್ಟುಕೊಳ್ಳೋಣ. ಪಟ್ಟಿಯಲ್ಲಿ ಎರಡು ಅರ್ಧಗಳು, ಒಂದೊಂದರಲ್ಲಿ ಹದಿನಾರು ಸ್ಥಾನಗಳು. ಎಲ್ಲರಿಗಿಂತ ಮಿಗಿಲಾದವನು ಒಂದು ಅರ್ಧದಲ್ಲಿ ಸ್ಥಾನ ಹಿಡಿದನೆಂದರೆ ಉಳಿದ ಸ್ಥಾನಗಳು ಮೂವತ್ತೊಂದು. ಅವುಗಳಲ್ಲಿ ಹದಿನೈದು ಅವನಿರುವ ಅರ್ಧದಲ್ಲಿಯೂ ಹದಿನಾರು ಎದುರಿನ ಅರ್ಧದಲ್ಲಿಯೂ ಇರುತ್ತವೆ. ಎರಡನೆಯ ಯೋಗ್ಯತೆಯವನು ಎದುರಿನ ಅರ್ಧದಲ್ಲಿ ಬಿದ್ದರೆ ಮಾತ್ರ ಅಂತಿಮ ಪಂದ್ಯವನ್ನು ತಲುಪುತ್ತಾನೆ. ಆದುದರಿಂದ ಅವನಿಗೆ ನ್ಯಾಯವಾಗಿ ಬರಬೇಕಾದ ಎರಡನೆಯ ಬಹುಮಾನ ಬರುವ ಸಂಭವ ೩೧ರಲ್ಲಿ ೧೬ ಮಾತ್ರ. ಎಂದರೆ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಮೊದಲ ಸುತ್ತಿನಲ್ಲಿಯೇ ಇವರಿಬ್ಬರೂ ಎದುರುಬದುರಾದರಂತೂ ಎರಡನೆಯವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಇದಕ್ಕೆ ಡಾಡ್ಜ್‌ಸನ್ ಸೂಚಿಸಿದ ಪರಿಹಾರವು ಮುಂದಿನ ವಿಚಾರಕ್ಕೆ ಬಹಳ ಮುಖ್ಯವಾದುದರಿಂದ ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ಬಹುಮಾನಗಳಿರುವಲ್ಲಿ, ತನಗಿಂತ ಮೇಲಾದವರು ಮೂವರು ಇದ್ದಾರೆಂದು ಸಿದ್ಧವಾಗುವ ತನಕ ಯಾವ ಆಟಗಾರನನ್ನೂ ಹೊರಹಾಕಕೂಡದು. ಮೇಲಾದವರನ್ನು ಎಣಿಸುವಾಗ ನೇರವಾಗಿ ಸೋಲಿಸಿದವರನ್ನು ಮಾತ್ರವಲ್ಲ, ಸೋಲಿಸಿದವನನ್ನು ಸೋಲಿಸಿದವರನ್ನೂ ಸೇರಿಸಬೇಕು. ರಾಮನು ಕೃಷ್ಣನಿಗೆ ಸೋತನು, ಕೃಷ್ಣನು ಗೋವಿಂದನಿಗೆ ಸೋತನು ಎಂದರೆ, ಗೋವಿಂದನೊಡನೆ ಆಡದಿದ್ದರೂ ರಾಮನಿಗೆ ಮೇಲಾದವರು ಇಬ್ಬರಾದರು. ಹೀಗೆ ಒಬ್ಬನ ಸೋಲಿನ ಬೆಲೆಯು ಅವನು ಯಾರಿಗೆ ಸೋತನು, ಅವರು ಮುಂದೆ ಏನಾದರು ಎಂಬುದರಿಂದ ನಿರ್ಧಾರವಾಗತಕ್ಕದ್ದು. ಟೆನಿಸ್ ಆಟವು ಈ ದಾರಿಯನ್ನು ಹಿಡಿಯಲಿಲ್ಲ. ಬಲಿಷ್ಠರನ್ನು ಮೊದಲೇ ಪಟ್ಟಿಯ ಬೇರೆಬೇರೆ ಭಾಗಗಳಲ್ಲಿ ಕೂರಿಸುವ ಶ್ರೇಯಾಂಕ ಪದ್ಧತಿಯು ೧೯೨೭ರಲ್ಲಿ ವಿಂಬಲ್ಡನ್ನಿನಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವ ಮಾರ್ಗವದು.

ಒಲಿಂಪಿಕ್ ಕೂಟಗಳು ಹಲವು ಕಾಲ ಎರಡೂ ಮಾರ್ಗಗಳ ನಡುವೆ ತಡಕಾಡಿದವು. ಸ್ವೀಡನ್ನಿನ ಎರಿಕ್ ಬರ್ಗ್‌ವಾಲನ ಹೆಸರಿನಿಂದ ಕರೆಯಲ್ಪಡುವ ಪದ್ಧತಿಯಲ್ಲಿ ಪ್ರಥಮ ಸ್ಥಾನ ತೀರ್ಮಾನವಾದ ಮೇಲೆ ಉಳಿದ ಸ್ಥಾನಗಳಿಗಾಗಿ ಸೋತವರ ನಡುವೆ ಪ್ರತ್ಯೇಕ ಪಂದ್ಯಗಳು ನಡೆಯುತ್ತಿದ್ದವು. ೧೯೨೦ರ ಆಂಟ್‌ವರ್ಪ್ ಕೂಟದ ಫುಟ್‌ಬಾಲಿನಲ್ಲಿ ಇದರ ವಿಚಿತ್ರ ಫಲವನ್ನು ಕಾಣಬಹುದು. ಬೆಲ್ಜಿಯಮ್ಮಿನೊಡನೆ ಅಂತಿಮ ಪಂದ್ಯವಾಡುತ್ತಿದ್ದ ಚೆಕೊಸ್ಲೊವಾಕಿಯ ತಂಡವು ಎರಡು ಗೋಲುಗಳ ಹಿನ್ನಡೆಯಲ್ಲಿದ್ದಾಗ, ನಿರ್ಣಾಯಕರ ಮೇಲೆ ಮುನಿದು ವಿರಾಮಕ್ಕೆ ಮೊದಲೇ ಮೈದಾನದಿಂದ ಹೊರನಡೆಯಿತು. ಅದರ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಕ್ವಾರ್ಟರ್‌ಫೈನಲಿನಲ್ಲಿ ಬೆಲ್ಜಿಯಮ್ಮಿಗೆ ಸೋತಿದ್ದ ಸ್ಪೇನ್, ಮರುಸುತ್ತುಗಳಲ್ಲಿ ಸ್ವೀಡನ್ನನ್ನೂ ಇಟಲಿಯನ್ನೂ ಸೋಲಿಸಿ, ಕಡೆಗೆ ನೆದರ್ಲೆಂಡ್ಸ್ ತಂಡವನ್ನು ೩–೧ರಿಂದ ಗೆದ್ದು ಬೆಳ್ಳಿ ಪದಕವನ್ನು ಪಡೆಯಿತು.

ರೆಪೆಷಾಜ್ ಎಂಬ ಹೆಸರನ್ನೇ ಹೊತ್ತು ಈ ಪದ್ಧತಿ ನೆಲೆಗೊಂಡುದು ದೋಣಿ ಸ್ಪರ್ಧೆಯಲ್ಲಿ. ೧೯೨೪ರ ಪ್ಯಾರಿಸ್ ಕೂಟದ ದೋಣಿ ಸ್ಪರ್ಧೆಗಳಲ್ಲಿ ಇದು ಒಲಿಂಪಿಕ್ಕಿಗೆ ಮೊದಲು ಬಂದಿತು. ಇಲ್ಲಿಯ ತರ್ಕ ಬೇರೆ. ಹೊಳೆಯಲ್ಲಿಯೋ ಕಾಲುವೆಯಲ್ಲಿಯೋ ಒಮ್ಮೆಗೆ ಹಾಯಬಲ್ಲ ದೋಣಿಗಳು ಕೆಲವೇ. ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಲೋಟೆನ್ ಕಾಲುವೆಯ ಅಗಲ ಎರಡು ದೋಣಿಗಳಿಗೆ ಮಾತ್ರ ಸಾಕಾಗಿತ್ತು. ಬೇರೆಬೇರೆ ಗುಂಪುಗಳವರು ಬೇರೆಬೇರೆ ಹೊತ್ತಿನಲ್ಲಿ ಹೊರಟಾಗ ಗಾಳಿಯೂ ನೀರೂ ಒಂದೇ ಬಗೆಯಾಗಿರುವುದಿಲ್ಲ. ಆದುದರಿಂದ ಒಂದು ಗುಂಪಿನ ವೇಗವನ್ನು ಇನ್ನೊಂದರ ವೇಗದೊಡನೆ ತೂಗಿ ನೋಡುವುದು ನ್ಯಾಯವಾಗದು. ಗುಂಪಿನಲ್ಲಿ ಮುಂದೆ ಬಂದವರು ನೇರವಾಗಿ ಮೇಲಿನ ಸುತ್ತಿಗೆ ಹೋಗಲಿ. ಉಳಿದವರೆಲ್ಲರೂ, ಅವರು ಯಾರಿಗೆ ಸೋತರೆಂಬುದನ್ನು ಎಣಿಸದೆ, ಇನ್ನೊಮ್ಮೆ ತಮ್ಮೊಳಗೆ ಸ್ಪರ್ಧಿಸಲಿ ಎಂಬುದೇ ದೋಣಿಯವರ ತೀರ್ಮಾನ. ಗೆದ್ದವನಿಗೆ ಒಂದು ಸುತ್ತಿನ ವಿಶ್ರಾಂತಿ ಉಳಿಯಿತು, ಸೋತವನಿಗೆ ಅಷ್ಟು ಹೆಚ್ಚಿನ ದಣಿವು ದಂಡವಾಯಿತು. ೧೯೫೬ರ ಮೆಲ್ಬರ್ನ್ ಕೂಟದಲ್ಲಿ, ಬ್ಯಾಲರ‍್ಯಾಟಿನ ವೆಂಡೂರೀ ಸರೋವರದ ಮೇಲೆ, ಅಮೆರಿಕದ ಪರವಾಗಿ ಬಂದ ಯೇಲ್ ವಿಶ್ವವಿದ್ಯಾಲಯದ ಎಂಟು ಹುಟ್ಟಿನ ದೋಣಿ ಮೊದಲ ಸುತ್ತಿನಲ್ಲಿ ಸೋತು, ಮರುಸರದಿಯಿಂದ ಮೇಲೆದ್ದು ಚಿನ್ನವನ್ನೇ ಗೆದ್ದಿತು. ಟೋಕಿಯೋದಲ್ಲಿ ೨೦೨೧ರಲ್ಲಿ ನ್ಯೂಜಿಲೆಂಡಿನ ಪುರುಷರ ಎಂಟು ಹುಟ್ಟಿನ ದೋಣಿಯೂ ಹಾಗೆಯೇ ಗೆದ್ದಿತು. ಅದೇ ಟೋಕಿಯೋದಲ್ಲಿ ನಮ್ಮ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಅವರು ಮರುಸರದಿಯ ಮೂಲಕ ಸೆಮಿಫೈನಲ್ ತಲುಪಿ ಹನ್ನೊಂದನೆಯವರಾದರು. ೨೦೨೪ರಲ್ಲಿ ಕೂಟವು ಮತ್ತೆ ಪ್ಯಾರಿಸ್ಸಿಗೆ ಬಂದಾಗ ಬಲರಾಜ್ ಪನ್ವರ್ ಅವರು ಮೊದಲ ಸುತ್ತಿನಲ್ಲಿ ನಾಲ್ಕನೆಯವರಾಗಿ, ಮರುಸರದಿಯಲ್ಲಿ ಎರಡನೆಯವರಾಗಿ ಕ್ವಾರ್ಟರ್‌ಫೈನಲ್ಲಿಗೆ ಹೋದರು.

ಆ ಪ್ಯಾರಿಸ್ ಕೂಟದಲ್ಲಿಯೇ ಓಟದವರೂ ದೋಣಿಯವರ ದಾರಿಗೆ ಬಂದರು. ಅದುವರೆಗೆ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದವರೊಳಗೆ ಕಾಲಗಣನೆಯಲ್ಲಿ ಉತ್ತಮರಾದ ಕೆಲವರನ್ನು ಆರಿಸಿ ಮುಂದಕ್ಕೆ ಕಳುಹಿಸುತ್ತಿದ್ದರು. ೨೦೦ರಿಂದ ೧೫೦೦ ಮೀಟರುವರೆಗಿನ ಓಟಗಳಲ್ಲಿಯೂ ಹರ್ಡಲ್ಸ್ ಓಟಗಳಲ್ಲಿಯೂ ಅದನ್ನು ಬಿಟ್ಟು ಮರುಸರದಿಯನ್ನು ಇಟ್ಟರು. ೧೦೦ ಮೀಟರ್ ಹರ್ಡಲ್ಸ್‌ನಲ್ಲಿ ಜ್ಯೋತಿ ಯರ್ರಾಜಿ, ೪೦೦ ಮೀಟರ್ ಓಟದಲ್ಲಿ ಕಿರಣ್ ಪಹಲ್ ಇದರಿಂದ ಎರಡನೆಯ ಬಾರಿ ಓಡಿದರು. ಇಬ್ಬರೂ ಸೆಮಿಫೈನಲ್ ತಲುಪಲಿಲ್ಲ.

ಕ್ರಿಕೆಟ್ ಪ್ರಿಯರು ಇಲ್ಲಿ ಐ.ಪಿ.ಎಲ್. ಪಂದ್ಯಾವಳಿಯನ್ನು ನೆನೆಯಬಹುದು. ೨೦೧೧ರಿಂದ ಅಲ್ಲಿ ಬಳಕೆಯಲ್ಲಿರುವ ಕ್ರಮವು ೧೯೩೧ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದ ಫುಟ್‌ಬಾಲ್ ಲೀಗಿನಲ್ಲಿ ಜಾರಿಗೆ ಬಂದ, ಪೇಜ್ ಎಂಬವರ ಹೆಸರಿನ ಪದ್ಧತಿ. ಲೀಗಿನಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಒಮ್ಮೆ ಸೋತರೂ ಇನ್ನೊಂದು ಪಂದ್ಯವಿದೆ; ಮೂರನೆಯವರಿಗೂ ನಾಲ್ಕನೆಯವರಿಗೂ ಇಲ್ಲ. ೨೦೨೫ರಲ್ಲಿ ಬೆಂಗಳೂರು ತಂಡಕ್ಕೆ ಮೊದಲ ಕ್ವಾಲಿಫೈಯರಿನಲ್ಲಿ ಸೋತ ಪಂಜಾಬ್ ಈ ದಾರಿಯಿಂದಲೇ ಮರಳಿ ಬಂದು, ಜೂನ್ ೩ರ ಅಂತಿಮ ಪಂದ್ಯದಲ್ಲಿ ಅದೇ ಬೆಂಗಳೂರಿಗೆ ಆರು ಓಟಗಳಿಂದ ಸೋತಿತು. ಆದರೆ ಇದು ಲೀಗಿನಲ್ಲಿ ದುಡಿದು ಗಳಿಸಿದ ಮೀಸಲು. ಚೀಟಿಯ ಅನ್ಯಾಯಕ್ಕೆ ಪರಿಹಾರವೆಂದು ಇದನ್ನು ಎಣಿಸಲಾಗದು. ನಮ್ಮ ವಿಷಯಕ್ಕೆ ಇದು ದೂರದ ನೆಂಟ.

ಇನ್ನು ಕುಸ್ತಿ. ನಮ್ಮ ನಾಡಕುಸ್ತಿಗೆ ಮರುಸರದಿಯ ಅಗತ್ಯವೇ ಬರಲಿಲ್ಲವೆಂಬುದನ್ನು ಮೊದಲು ಗಮನಿಸಬೇಕು. ಮೈಸೂರಿನ ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ಕಾರ್ಯವೊಂದು ಇಂದಿಗೂ ನಡೆಯುತ್ತದೆ. ಬಲ್ಲವರು ಪೈಲ್ವಾನರ ಮೈಕಟ್ಟನ್ನೂ ತೂಕವನ್ನೂ ಹಿಂದಿನ ಕುಸ್ತಿಗಳನ್ನೂ ನೋಡಿ ಸರಿಸಮರನ್ನು ಜೊತೆ ಮಾಡುತ್ತಾರೆ. ಬೆಳಗಾವಿ, ಧಾರವಾಡ ಕಡೆಯ ಜಾತ್ರೆಗಳ ಜಂಗಿ ನಿಕಾಲಿ ಕುಸ್ತಿಯೂ ಹೀಗೆಯೇ ಗೊತ್ತುಪಡಿಸಿದ ಜೋಡಿಗಳ ನಡುವೆ ನಡೆಯತಕ್ಕದ್ದು. ಅಲ್ಲಿ ಏಣಿಯಂತೆ ಮೇಲೇರುವ ಪಟ್ಟಿಯಿಲ್ಲ. ಆದುದರಿಂದ ಏಣಿಯಿಂದ ಬಿದ್ದವನನ್ನು ಎತ್ತುವ ಪ್ರಶ್ನೆಯೂ ಇಲ್ಲ. ಸೋತ ಪೈಲ್ವಾನನು ಗರಡಿಗೆ ಮರಳಿ, ಮುಂದಿನ ಜಾತ್ರೆಯಲ್ಲಿ ಇನ್ನೊಬ್ಬನಿಗೆ ಜೋಡಿಯಾಗಿ ಮಟ್ಟಿಗೆ ಇಳಿಯುತ್ತಾನೆ. ಒಂದೆರಡು ದಿನಗಳಲ್ಲಿ ಲೋಕದ ಮೊದಲಿಗನನ್ನೂ ಎರಡನೆಯವನನ್ನೂ ಮೂರನೆಯವನನ್ನೂ ಹುಡುಕಬೇಕಾದ ಒಲಿಂಪಿಕ್ಕಿಗೆ ಆ ಬಿಡುವು ಇಲ್ಲ.

ಒಲಿಂಪಿಕ್ ಕುಸ್ತಿಯವರು ಮೊದಮೊದಲು ಎರಡು ಸೋಲುಗಳ ತನಕ ಅವಕಾಶವಿತ್ತು ನೋಡಿದರು. ೧೯೧೨ರ ಸ್ಟಾಕ್‌ಹೋಮಿನಲ್ಲಿ ಈ ನಿಯಮದೊಡನೆ ಕಾಲಮಿತಿಯಿಲ್ಲದ ಸೆಣಸೂ ಸೇರಿ, ಮಾರ್ಟಿನ್ ಕ್ಲೈನ್ ಮತ್ತು ಆಲ್ಫ್ರೆಡ್ ಅಸಿಕೈನೆನ್ ಒಂದೇ ಕುಸ್ತಿಯಲ್ಲಿ ಹನ್ನೊಂದು ಗಂಟೆ ನಲವತ್ತು ನಿಮಿಷ ಹೆಣಗಿದರು. ಗೆದ್ದ ಕ್ಲೈನನಿಗೆ ಚಿನ್ನದ ಪದಕದ ಕುಸ್ತಿಗೆ ಏಳುವ ಶಕ್ತಿ ಉಳಿದಿರಲಿಲ್ಲ. ಮುಂದೆ, ಗ್ರೀಕೋ-ರೋಮನ್ ಕುಸ್ತಿಯಲ್ಲಿ ೧೯೨೮ರಿಂದಲೂ ಫ್ರೀಸ್ಟೈಲಿನಲ್ಲಿ ೧೯೩೨ರಿಂದಲೂ, ದೋಷಾಂಕಗಳ ಪದ್ಧತಿ ಬಂದಿತು. ೧೯೫೨ರ ಹೆಲ್ಸಿಂಕಿಯಲ್ಲಿ ಅದರ ರೂಪ ಹೀಗಿತ್ತು: ಎದುರಾಳಿಯನ್ನು ಚಿತ್ ಮಾಡಿ ಗೆದ್ದರೆ ದೋಷಾಂಕವಿಲ್ಲ, ನಿರ್ಣಾಯಕರ ತೀರ್ಪಿನಿಂದ ಗೆದ್ದರೆ ಒಂದು, ಸೋತರೆ ಮೂರು, ಐದು ತುಂಬಿದವನು ಹೊರಗೆ. ಕಡೆಗೆ ಮೂವರು ಉಳಿದಾಗ ಅವರವರ ನಡುವಿನ ಕುಸ್ತಿಗಳಿಂದ ಪದಕಗಳ ತೀರ್ಮಾನ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಕೊಲ್ಲಾಪುರದ ತಾಲೀಮುಗಳ ಹೆಸರು ಹೊಸದಲ್ಲ. ಆ ಮಣ್ಣಿನಲ್ಲಿ ಪಳಗಿದ, ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಈ ನಿಯಮದಡಿಯಲ್ಲಿಯೇ ೫೭ ಕಿಲೋ ವಿಭಾಗದಲ್ಲಿ ಕಂಚನ್ನು ಗೆದ್ದರು. ಕೆನಡ, ಮೆಕ್ಸಿಕೊ, ಜರ್ಮನಿಗಳ ಜಟ್ಟಿಗಳನ್ನು ಸೋಲಿಸಿ ಕಡೆಯ ಮೂವರಲ್ಲಿ ಒಬ್ಬರಾದ ಅವರು, ಸೋವಿಯತ್ ದೇಶದ ರಶೀದ್ ಮಮದ್‌ಬೆಕೋವ್‌ಗೂ ಜಪಾನಿನ ಶೋಹಾಚಿ ಇಶಿಯಿಗೂ ಸೋತು ಮೂರನೆಯವರಾದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವದು. ಒಮ್ಮೆ ಸೋತರೂ ಬಾಗಿಲು ತೆರೆದಿರುತ್ತಿದ್ದ ಆ ಪದ್ಧತಿಯಲ್ಲಿ ಕುಸ್ತಿಗಳ ಸಂಖ್ಯೆ ಬಹಳವಾಗುತ್ತಿತ್ತು, ಪ್ರೇಕ್ಷಕನಿಗೆ ಲೆಕ್ಕ ಸಿಕ್ಕುತ್ತಿರಲಿಲ್ಲ. ಆದರೂ ಸೋತವನ ಗತಿ ಅವನ ಕೈಯಲ್ಲಿಯೇ ಇರುತ್ತಿತ್ತೆಂಬ ಗುಣವನ್ನು ಮರೆಯಲಾಗದು.

೨೦೦೦ ಮತ್ತು ೨೦೦೪ರ ಕೂಟಗಳಲ್ಲಿ ಸಣ್ಣ ಗುಂಪುಗಳನ್ನು ಮಾಡಿ ಅಗ್ರನನ್ನು ಮಾತ್ರ ಮುಂದಕ್ಕೆ ಕಳುಹಿಸುತ್ತಿದ್ದರು. ೨೦೦೮ರಿಂದ ಈಗಿನ ಕ್ರಮ. ಸೋತವನು ಹೊರಗೆ; ಆದರೆ ಅವನನ್ನು ಸೋಲಿಸಿದವನು ಅಂತಿಮ ಕುಸ್ತಿಯನ್ನು ತಲುಪಿದರೆ ಅವನಿಗೆ ಕರೆ ಬರುತ್ತದೆ. ಅಂತಿಮಕ್ಕೆ ಬಂದ ಇಬ್ಬರಲ್ಲಿ ಒಬ್ಬೊಬ್ಬರ ಕೈಯಲ್ಲಿ ಸೋತವರು ಪ್ರತ್ಯೇಕವಾಗಿ ಸೆಣಸಿ, ಎರಡು ಕಡೆಗೆ ಎರಡು ಕಂಚಿನ ಪದಕಗಳನ್ನು ಗೆಲ್ಲುತ್ತಾರೆ. ಜೂಡೋದಲ್ಲಿ ಈಗ ಕ್ವಾರ್ಟರ್‌ಫೈನಲಿನಲ್ಲಿ ಸೋತ ನಾಲ್ವರಿಗೆ ಮಾತ್ರ ಮರುಸರದಿಯುಂಟು. ಅವರನ್ನು ಸೋಲಿಸಿದವರು ಮುಂದೆ ಏನಾದರೆಂದು ಅಲ್ಲಿ ಕೇಳುವುದಿಲ್ಲ. ಕುಸ್ತಿಯಲ್ಲಿ ಅದೊಂದನ್ನೇ ಕೇಳುತ್ತಾರೆ.

ಸುಶೀಲ್ ಕುಮಾರರ ಪದಕಕ್ಕೆ ಇಲ್ಲಿ ಅರ್ಥ ಸಿಕ್ಕುತ್ತದೆ. ಸ್ತಾದ್ನಿಕ್ ಅಂತಿಮ ಕುಸ್ತಿಯನ್ನು ತಲುಪಿದುದರಿಂದ ಸುಶೀಲರಿಗೆ ಕರೆ ಬಂದಿತು. ಅಮೆರಿಕದ ಡಗ್ ಶ್ವಾಬ್, ಬೆಲಾರೂಸಿನ ಆಲ್ಬರ್ಟ್ ಬತಿರೋವ್, ಕಜಾಕಿಸ್ತಾನದ ಲಿಯೊನಿದ್ ಸ್ಪಿರಿದೊನೋವ್ ಮೂವರನ್ನೂ ಅವರು ಗೆದ್ದರು. ೨೦೧೨ರ ಲಂಡನ್ನಿನಲ್ಲಿ ಯೋಗೇಶ್ವರ್ ದತ್ತ್ ಅವರು ರಷ್ಯದ ಬೆಸಿಕ್ ಕುದುಖೋವ್‌ಗೆ ಸೋತು, ಇದೇ ದಾರಿಯಿಂದ ಮೂವರನ್ನು ಗೆದ್ದು ಕಂಚು ತಂದರು. ೨೦೧೬ರ ರಿಯೋದಲ್ಲಿ ಸಾಕ್ಷಿ ಮಲಿಕ್ ಅವರು ರಷ್ಯದ ವಲೇರಿಯ ಕೊಬ್ಲೋವಾಗೆ ಕ್ವಾರ್ಟರ್‌ಫೈನಲಿನಲ್ಲಿ ಸೋತರೂ, ಕೊಬ್ಲೋವಾ ಅಂತಿಮಕ್ಕೆ ಹೋದುದರಿಂದ ಮತ್ತೆ ಕಣಕ್ಕಿಳಿದರು. ಕಿರ್ಗಿಸ್ತಾನದ ಐಸುಲೂ ತಿನಿಬೆಕೋವಾ ಎದುರು ೦–೫ರ ಹಿನ್ನಡೆಯಿಂದ ಎದ್ದು ೮–೫ರಿಂದ ಗೆದ್ದ ಆ ಕುಸ್ತಿಯಿಂದ ಭಾರತದ ಮಹಿಳಾ ಕುಸ್ತಿಗೆ ಮೊದಲ ಒಲಿಂಪಿಕ್ ಪದಕ ಬಂದಿತು. ಈ ಮೂವರೂ ಸೋತ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ತಮ್ಮನ್ನು ಕೆಡವಿದವರ ಗೆಲುವನ್ನು ಹಾರೈಸುವುದು. ಗರಡಿಯ ಹಿರಿಯ ಉಸ್ತಾದರು ಕೇಳಿದರೆ ನಗಬಹುದಾದ ಸ್ಥಿತಿ.

ಈ ನಿಯಮದ ತಿರುಳು ಡಾಡ್ಜ್‌ಸನ್ನನದೇ. ಅಂತಿಮಕ್ಕೆ ಬಂದವನಿಗೆ ಸೋತವನ ಮೇಲೆ ಹೆಚ್ಚೆಂದರೆ ಇಬ್ಬರು ಮೇಲಾದವರು ಸಿದ್ಧವಾಗಿದ್ದಾರೆ. ಮೂರನೆಯ ಸ್ಥಾನ ಅವನದಾಗುವ ಸಂಭವ ಉಳಿದಿದೆ. ಆದರೆ ಗಣಿತಜ್ಞನು ತೆರೆದಿಟ್ಟ ಬಾಗಿಲಿನಲ್ಲಿ ಅರ್ಧವನ್ನು ಕುಸ್ತಿಯವರು ಮುಚ್ಚಿದ್ದಾರೆ. ೨೦೨೪ರ ಪ್ಯಾರಿಸ್ಸಿನ ೬೮ ಕಿಲೋ ವಿಭಾಗವನ್ನೇ ನೋಡಬಹುದು. ನಿಶಾ ದಹಿಯಾ ಅವರು ಉತ್ತರ ಕೊರಿಯದ ಪಾಕ್ ಸೊಲ್‌ಗುಮ್ ಎದುರು ೮–೧ರ ಮುನ್ನಡೆಯಲ್ಲಿದ್ದಾಗ ಗಾಯಗೊಂಡು, ೮–೧೦ರಿಂದ ಸೋತರು. ಪಾಕ್ ಸೆಮಿಫೈನಲಿನಲ್ಲಿ ಅಮೆರಿಕದ ಅಮಿತ್ ಎಲೋರ್‌ಗೆ ಸೋತರು; ಅಲ್ಲಿಗೆ ನಿಶಾರ ಆಸೆ ಮುಗಿಯಿತು. ಎಲೋರ್ ಚಿನ್ನ ಗೆದ್ದರು. ಡಾಡ್ಜ್‌ಸನ್ನನ ಎಣಿಕೆಯಂತೆ ನಿಶಾಗೆ ಮೇಲಾದವರು ಪಾಕ್ ಮತ್ತು ಎಲೋರ್ ಇಬ್ಬರೇ. ಆತನ ನಿಯಮದಲ್ಲಿ ಅವರಿನ್ನೂ ಕಣದಲ್ಲಿರಬೇಕಾಗಿತ್ತು. ಅದೇ ಎಲೋರ್‌ಗೆ ಮೊದಲ ಕುಸ್ತಿಯಲ್ಲಿಯೇ ಸೋತ ತುರ್ಕಿಯ ಬುಸೆ ತೊಸುನ್ ಮರುಸರದಿಯಿಂದ ಕಂಚು ಪಡೆದರು. ತೊಸುನ್‌ರ ಯೋಗ್ಯತೆಯನ್ನು ಇಲ್ಲಿ ಶಂಕಿಸುತ್ತಿಲ್ಲ. ಆದರೆ ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚಿದುದು ಪಟ್ಟಿಯಲ್ಲಿ ಅವರವರ ಹೆಸರು ಬಿದ್ದ ಜಾಗವೇ. ಚೀಟಿಯ ಅನ್ಯಾಯವನ್ನು ತಿದ್ದಲು ಬಂದ ನಿಯಮವು ಅದೇ ಚೀಟಿಗೆ ಇನ್ನೊಂದು ಬಾಗಿಲಿನಿಂದ ಪ್ರವೇಶ ಕೊಟ್ಟಿದೆ. ಕಾಲದ ಅಭಾವವೊಂದೇ ಇದಕ್ಕೆ ಸಮಾಧಾನ. ಕಂಚಿಗಾಗಿ ಕಾದಾಡುವವರ ಸಂಖ್ಯೆಯನ್ನು ಎಲ್ಲಿಯೋ ನಿಲ್ಲಿಸಬೇಕು.

ಅದೇ ಕೂಟದ ೫೦ ಕಿಲೋ ವಿಭಾಗದಲ್ಲಿ ನಿಯಮವು ತನ್ನನ್ನೇ ಕಟ್ಟಿಹಾಕಿಕೊಂಡಿತು. ಆಗಸ್ಟ್ ೬ರಂದು ವಿನೇಶ್ ಫೋಗಟ್ ಅವರು ಟೋಕಿಯೋದ ಚಿನ್ನದ ವಿಜೇತೆಯಾಗಿದ್ದ ಜಪಾನಿನ ಯುಇ ಸುಸಾಕಿಯನ್ನು ಮೊದಲ ಸುತ್ತಿನಲ್ಲಿಯೂ, ಉಕ್ರೇನಿನ ಒಕ್ಸಾನಾ ಲಿವಾಚ್‌ರನ್ನು ಕ್ವಾರ್ಟರ್‌ಫೈನಲಿನಲ್ಲಿಯೂ, ಕ್ಯೂಬಾದ ಯುಸ್ನೇಲಿಸ್ ಗುಸ್ಮಾನ್‌ರನ್ನು ಸೆಮಿಫೈನಲಿನಲ್ಲಿಯೂ ಸೋಲಿಸಿ ಅಂತಿಮಕ್ಕೆ ಬಂದರು. ಮರುದಿನ ಬೆಳಗಿನ ತೂಕದಲ್ಲಿ ನೂರು ಗ್ರಾಂ ಹೆಚ್ಚಿಗೆ ಬಂದುದರಿಂದ ಅವರನ್ನು ಅನರ್ಹಗೊಳಿಸಿ, ಕಟ್ಟಕಡೆಯ ಸ್ಥಾನಕ್ಕೆ ಇಳಿಸಲಾಯಿತು. ಅವರ ಮನವಿಯನ್ನು ಕ್ರೀಡಾ ನ್ಯಾಯಪೀಠವು ಆಗಸ್ಟ್ ೧೪ರಂದು ತಳ್ಳಿಹಾಕಿತು. ಇಲ್ಲಿ ಪ್ರಶ್ನೆಯೊಂದು ಏಳುತ್ತದೆ. ಕಡೆಯ ಸ್ಥಾನದವರಿಗೆ ಸೋತವರ ಬೆಲೆಯೇನು? ‘ಅಂತಿಮಕ್ಕೆ ಬಂದವರಿಗೆ ಸೋತವರು’ ಎಂಬ ಹಕ್ಕಿನ ಬುಡವೇ ಕಿತ್ತುಹೋಗಲಿಲ್ಲವೇ? ಕೂಟದವರು ಹಾಗೆ ಭಾವಿಸಲಿಲ್ಲ. ವಿನೇಶ್‌ರ ಗೆಲುವುಗಳಿಂದ ಅವರಿಗೆ ಏನೂ ಉಳಿಯದಿದ್ದರೂ, ಅವುಗಳಿಂದ ಸೋತವರಿಗೆ ಬಂದ ಹಕ್ಕು ಉಳಿಯಿತು. ಗುಸ್ಮಾನ್ ಅಂತಿಮ ಕುಸ್ತಿಗೆ ಏರಿ, ಅಮೆರಿಕದ ಸಾರಾ ಹಿಲ್ಡೆಬ್ರಾಂಟ್ ಎದುರು ೦–೩ರಿಂದ ಸೋತು ಬೆಳ್ಳಿ ಪಡೆದರು. ಅವರು ತೆರವು ಮಾಡಿದ ಸ್ಥಾನದಿಂದಾಗಿ, ಮರುಸರದಿಯ ಮೆಟ್ಟಿಲಷ್ಟೇ ಆಗಬೇಕಾಗಿದ್ದ ಸುಸಾಕಿ ಮತ್ತು ಲಿವಾಚ್‌ರ ಕುಸ್ತಿಯು ಕಂಚಿನ ಪದಕದ ಕುಸ್ತಿಯೇ ಆಯಿತು. ಆಗಸ್ಟ್ ೭ರಂದು ಸುಸಾಕಿ ಅದನ್ನು ೧೦–೦ರಿಂದ ಗೆದ್ದರು.